ಮೂವತ್ತು ಮಿಲಿಸೆಕೆಂಡಿನಾಚೆಯ ಗೆಳೆಯನಿಗೆ

ಗೆಳೆಯಾ,

ಕೊರೊನಾ ಕಾಲದಲ್ಲಿ ಅವರವರ ಮನೆಯಿಂದಲೇ ಹಾಡಿ ಒಂದೇ ಪರದೆಗೆ ಕೂಡಿಸಿದ ಆ ಒಪೆರಾ (ಪಾಶ್ಚಾತ್ಯ ಸಂಗೀತನಾಟಕ) ವಿಡಿಯೊಗಳನ್ನ ಹೇಗೆ ಮಾಡಿದ್ರೋ ಅಂತ ಕೇಳಿದ್ದೆಯಲ್ಲ, ತಗೋ. ಎಲ್ಲರೂ ಓದಲಿ ಅಂತ ಇಲ್ಲೇ ಹಾಕ್ತಿದ್ದೀನಿ. ಉಪ್ಪಿಟ್ಟಿನ ವಿಷಯ ಎತ್ತೋದಿಲ್ಲ, ಹೆದರಬೇಡ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ 2020ರ ಮಾರ್ಚ್ 12ಕ್ಕೆ ಬಾಗಿಲು ಹಾಕಿತು. ಆ ತಿಂಗಳು ಮುಗಿದ ಮೇಲೆ ವಾದ್ಯವೃಂದಕ್ಕೂ ಕೋರಸ್ಸಿಗೂ (ಗುಂಪು ಗಾಯಕರಿಗೂ) ಸಂಬಳ ನಿಂತಿತು. ಏಪ್ರಿಲ್ 25ರ ಆನ್‌ಲೈನ್ ಗಾಲಾ ಕಛೇರಿಯಲ್ಲಿ ಅದೇ ಜನ ಇಟಲಿಯ ಸಂಗೀತಕಾರ ವರ್ದಿಯ ‘ನಬುಕ್ಕೊ’ ಒಪೆರಾದ ‘ವಾ ಪೆನ್ಸಿಯೆರೊ’ ಹಾಡಿದರು. ಗುಲಾಮರ ಕೋರಸ್ಸು! ಎಲ್ಲರೂ ಒಂದೇ ಪರದೆಯ ಮೇಲೆ, ಆದರೆ ಹಾಡುವಾಗ ಒಬ್ಬರಿಗೊಬ್ಬರು ಕೇಳಿಸಿರಲಿಲ್ಲ.

ದನಿ ಗಾಳಿಯಲ್ಲಿ ಒಂದು ಮೀಟರ್ ದಾಟೋಕೆ ಸುಮಾರು 3 ಮಿಲಿಸೆಕೆಂಡ್ ಬೇಕು. ಹತ್ತು ಮೀಟರ್ ಆಚೆ ನಿಂತವನ ಜತೆ, ಅಂದರೆ 30 ಮಿಲಿಸೆಕೆಂಡ್ ತಡದಲ್ಲಿ, ಹೇಗೋ ಲಯ ಕೂಡುತ್ತೆ. ಜೂಮ್‌ನಲ್ಲಿ ತಡ ನೂರು ದಾಟೋದು ಮಾಮೂಲು. ಆಗ ನಾನು ನಿನಗೆ ಕಾಯ್ತೀನಿ, ನೀನು ನನಗೆ ಕಾಯ್ತೀಯ, ಲಯ ಜಗ್ಗಿ ಜಗ್ಗಿ ನಿಂತೇ ಹೋಗುತ್ತೆ. ಜತೆಗೆ ಜೂಮ್ ಮಾತಿಗೆಂದು ಹುಟ್ಟಿದ್ದು. ಸೊಪ್ರಾನೊ (ಎತ್ತರದ ಹೆಣ್ಣುದನಿಯ ಗಾಯಕಿ) ಹಿಡಿದ ಉದ್ದನೆಯ ಸ್ವರವನ್ನ ಫ್ಯಾನಿನ ಸದ್ದು ಅಂದುಕೊಂಡು ಅಳಿಸಿಬಿಡೋದೂ ಉಂಟು.

ಹಾಗಾಗಿ ಒಬ್ಬೊಬ್ಬರೇ ರೆಕಾರ್ಡ್ ಮಾಡಬೇಕು. ಬರೀ ಕ್ಲಿಕ್ ಟ್ರ್ಯಾಕ್, ಅಂದರೆ ತಾಳ ತೋರಿಸೋ ಟಿಕ್ ಟಿಕ್ ಸದ್ದು, ಸಾಲದು, ಒಪೆರಾದ ಲಯ ಹಿಗ್ಗುತ್ತೆ, ಕುಗ್ಗುತ್ತೆ. ವಾದ್ಯವೃಂದ ನಡೆಸೋ ಕಂಡಕ್ಟರನ ಕೈಯ ವಿಡಿಯೊ, ಅದಕ್ಕೊಂದು ಪಿಯಾನೊ ಬೇಕು. ಒಂದು ಕಿವಿಗೆ ಇಯರ್‌ಫೋನ್, ಇನ್ನೊಂದು ತನ್ನ ಶ್ರುತಿಗೆ. ಇಯರ್‌ಫೋನ್ ಸಡಿಲಿದ್ದರೆ ಟಿಕ್ ಟಿಕ್ ಮೈಕಿಗೆ ಸೋರುತ್ತೆ. ಒಬ್ಬರದ್ದಾದರೆ ಮುಚ್ಚಬಹುದು, ನಲವತ್ತು ಜನರದ್ದು ಸೇರಿದರೆ ಆಯ್ತು ಕಥೆ. ಶುರುವಿಗೆ ಒಂದು ಚಪ್ಪಾಳೆ ಹೊಡೆಯಬೇಕು. ರೆಕಾರ್ಡಿಂಗಿನ ಗೆರೆಯಲ್ಲಿ ಆ ಚಪ್ಪಾಳೆ ಎಬ್ಬಿಸೋ ಮೊನೆಗಳನ್ನ ಎಡಿಟರ್ ಸಾಲಿಗೆ ತಂದು ಕೂಡಿಸ್ತಾನೆ. ಫೋನ್ ಒಂದೂವರೆ ಮೀಟರ್ ದೂರವಿರಲಿ, ತೀರಾ ಹತ್ತಿರವಿದ್ದರೆ ಅದು ಜೋರಾದ ತಾರಸ್ಥಾಯಿಯನ್ನ ಜಜ್ಜಿಹಾಕುತ್ತೆ. ಗೋಡೆಗೆ ರಜಾಯಿ ತೂಗುಹಾಕಬೇಕು. ದೊಡ್ಡ ಸಭಾಂಗಣದ ಅನುರಣನ ಆಮೇಲೆ ಸೇರಿಸಬಹುದು, ಬಚ್ಚಲುಮನೆಯದ್ದನ್ನ ಪೂರ್ತಿ ತೆಗೆಯೋದು ಕಷ್ಟ.

ಎಲ್ಲಕ್ಕಿಂತ ತಲೆನೋವು ಪದದ ಕೊನೆಯ ‘ಸ್’. ನಲವತ್ತು ಬಾಯಿಂದ ನಲವತ್ತು ಕ್ಷಣಕ್ಕೆ ಬಿದ್ದರೆ ಹಾವು ಬುಸುಗುಟ್ಟಿದಂತೆ. ಒಬ್ಬರ ‘ಸ್’ ಉಳಿಸಿಕೊಂಡು ಮಿಕ್ಕವರಿಗೆ ನುಂಗಿಕೊಳ್ಳಿ ಅನ್ನೋದೇ ವಾಸಿ. ಇಟಾಲಿಯನ್ ಪದಗಳು ಕನ್ನಡದ ಹಾಗೆ ಹೆಚ್ಚಾಗಿ ಸ್ವರದಲ್ಲೇ ಮುಗಿಯೋದರಿಂದ ವರ್ದಿ ಬಚಾವು. ಜರ್ಮನ್ ಆದರೆ ಎಡಿಟರನ ಪಾಡು ದೇವರಿಗೇ ಪ್ರೀತಿ.

ಇಷ್ಟೆಲ್ಲ ಗೊತ್ತಿದ್ದೂ ಆ ವಿಡಿಯೊ ನನಗೆ ಚೆನ್ನಾಗೇ ಕೇಳಿಸುತ್ತೆ, ಅದೇ ಕಿರಿಕಿರಿ. ಈಗ ನಾವೂ ಹೀಗೇ ಅಲ್ವಾ? ನೀನು ನಿನ್ನ ಹೊತ್ತಿಗೆ ವಾಯ್ಸ್ ಮೆಸೇಜ್ ಬಿಡ್ತೀಯ, ನಾನು ನನ್ನ ಹೊತ್ತಿಗೆ. ಕೂಡಿಸಿ ಕೇಳಿದವರಿಗೆ ಎಷ್ಟು ಅನ್ಯೋನ್ಯ ಅನ್ನಿಸೀತು. ನೇರ ಫೋನ್ ಮಾಡೋಕೆ ನನಗೆ ಹೆದರಿಕೆ ಕಣೋ. ಇಬ್ಬರೂ ಕಾದು ಕಾದು, ಮಾತೇ ನಿಂತುಹೋದರೆ?

ಸರಿ, ಜಾಸ್ತಿಯಾಯ್ತು, ಊರೆಲ್ಲ ಓದ್ತಿದೆ. ನಿನ್ನ ಮೊನ್ನೆಯ ಮೆಸೇಜ್ ಪೂರ್ತಿ ಕೇಳಿದ್ದೀನಿ, ಎರಡರಷ್ಟು ವೇಗದಲ್ಲಿ. ಆದರೂ ನೀನು ವಿಷಯಕ್ಕೆ ಬರೋ ಹೊತ್ತಿಗೆ ನನ್ನ ಕಾಫಿ ಮುಗಿದಿತ್ತು.