ವಿಷಯ: ಐಎಸ್‌ಎಸ್‌ಎನ್ ಹಾಕಿ ಹುಡುಕಿದರೆ ಕ್ಯಾಟಲಾಗ್‌ನಲ್ಲಿ ಜರ್ನಲ್ ಸಿಗದಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಾನು ಕಾಲೇಜೊಂದರ ಗ್ರಂಥಪಾಲಕಿ. ನಮ್ಮ ಲೈಬ್ರರಿಯ ಕ್ಯಾಟಲಾಗ್ ನಡೆಯುತ್ತಿರುವುದು ನಿಮ್ಮ ಸಾಫ್ಟ್‌ವೇರ್‌ನಲ್ಲಿ. ಹುಡುಕುವ ಜಾಗದ ಪಕ್ಕದಲ್ಲಿ 'ಐಎಸ್‌ಬಿಎನ್ / ಐಎಸ್‌ಎಸ್‌ಎನ್' ಎಂದು ನೀವೇ ಬರೆದಿದ್ದೀರಿ. ಪುಸ್ತಕಗಳ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಹಾಕಿದರೆ ಪುಸ್ತಕ ಸಿಗುತ್ತದೆ. ಜರ್ನಲ್, ನಿಯತಕಾಲಿಕಗಳ ಗುರುತಿನ ಸಂಖ್ಯೆಯಾದ ಐಎಸ್‌ಎಸ್‌ಎನ್ ಹಾಕಿದರೆ ಒಂದು ಜರ್ನಲ್ಲೂ ಸಿಗುವುದಿಲ್ಲ. ಎರಡು ಸಲ ದೂರಿನ ಟಿಕೆಟ್ ಹಾಕಿದೆ. ಎರಡೂ ಸಲ 'ಶೀರ್ಷಿಕೆ ಹಾಕಿ ಹುಡುಕಿ' ಎಂದು ಒಂದು ಸಾಲು ಬರೆದು ಟಿಕೆಟ್ ಮುಚ್ಚಿದಿರಿ. ಅದಕ್ಕೇ ಈ ಪತ್ರ.

ಕಳೆದ ತಿಂಗಳು ಏನಾಯಿತು ಎಂದು ಹೇಳುತ್ತೇನೆ. ನಮ್ಮ ಅರ್ಥಶಾಸ್ತ್ರ ಎಂ.ಎ. ಓದುವ ಹುಡುಗಿಯೊಬ್ಬಳಿಗೆ ಅವಳ ಮೇಷ್ಟ್ರು ಓದಬೇಕಾದ ಲೇಖನಗಳ ಪಟ್ಟಿ ಕೊಟ್ಟಿದ್ದರು. ಅದರಲ್ಲಿ ಪತ್ರಿಕೆಯ ಹೆಸರು ಬರೀ 'ಇಪಿಡಬ್ಲ್ಯು' ಎಂದಿತ್ತು, ಪಕ್ಕದಲ್ಲಿ 0012-9976 ಎಂಬ ಐಎಸ್‌ಎಸ್‌ಎನ್ ಸಂಖ್ಯೆ. ಅವಳು ಹಾಸ್ಟೆಲ್‌ನಿಂದಲೇ ಮೊಬೈಲ್‌ನಲ್ಲಿ ಹುಡುಕಿದಳು. 'ಇಪಿಡಬ್ಲ್ಯು' ಹಾಕಿದಳು, ಸಿಗಲಿಲ್ಲ. ಸಂಖ್ಯೆ ಹಾಕಿದಳು, 'ಫಲಿತಾಂಶ ಇಲ್ಲ' ಎಂದು ಬಂತು. ನಮ್ಮಲ್ಲಿ ಇಲ್ಲ ಎಂದುಕೊಂಡು ಮರುದಿನ ಬಸ್ಸು ಹತ್ತಿ ವಿಶ್ವವಿದ್ಯಾಲಯದ ಲೈಬ್ರರಿಗೆ ಹೋಗಿ ಜೆರಾಕ್ಸ್ ಮಾಡಿಸಿಕೊಂಡು ಬಂದಳು. ಒಂದು ದಿನದ ಕ್ಲಾಸ್ ಹೋಯಿತು, ಬಸ್ ಚಾರ್ಜ್ ಬೇರೆ. ವಾಪಸ್ ಬಂದಮೇಲೆ ಮಾತಿನ ನಡುವೆ ನನಗೆ ಈ ವಿಷಯ ಗೊತ್ತಾಯಿತು. ಅವಳನ್ನು ಒಳಗೆ ಕರೆದುಕೊಂಡು ಹೋಗಿ ತೋರಿಸಿದೆ. ಇಪಿಡಬ್ಲ್ಯು ಅಂದರೆ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ; ಅದರ ಅದೇ ವರ್ಷದ ಸಂಪುಟ, ಬೈಂಡ್ ಮಾಡಿಸಿದ್ದು, ಕಪಾಟಿನಲ್ಲೇ ಇತ್ತು. ಅವಳು ಏನೂ ಅನ್ನಲಿಲ್ಲ. ನನಗೆ ಮಾತ್ರ ತುಂಬಾ ಬೇಜಾರಾಯಿತು. ಲೈಬ್ರರಿಯಲ್ಲಿ ಇರುವುದನ್ನೇ ಇಲ್ಲ ಎಂದು ಹೇಳುವ ಕ್ಯಾಟಲಾಗ್ ಇಟ್ಟುಕೊಂಡು ಏನು ಮಾಡುವುದು?

ತಪ್ಪು ನಮ್ಮ ಎಂಟ್ರಿಯಲ್ಲೇ ಇರಬಹುದು ಎಂದು ಮೊದಲು ಅದನ್ನೇ ನೋಡಿದೆ. ಆ ರೆಕಾರ್ಡ್‌ನಲ್ಲಿ, ಕ್ಯಾಟಲಾಗ್ ಎಂಟ್ರಿ ಬರೆಯುವ ಮಾದರಿಯಾದ ಮಾರ್ಕ್ 21ರಲ್ಲಿ ಐಎಸ್‌ಎಸ್‌ಎನ್‌ಗೆಂದೇ ಇರುವ 022 ಟ್ಯಾಗ್‌ನಲ್ಲಿ, ಸಂಖ್ಯೆ ಸರಿಯಾಗಿಯೇ ಇದೆ. ಐಎಸ್‌ಎಸ್‌ಎನ್‌ನ ಕೊನೆಯ ಅಂಕಿ ಮೊದಲ ಏಳು ಅಂಕಿಗಳ ಲೆಕ್ಕಕ್ಕೆ ತಾಳೆಯಾಗಬೇಕು; ಅದನ್ನು ಕೈಯಲ್ಲೇ ಲೆಕ್ಕ ಹಾಕಿಯೂ ನೋಡಿದೆ. ಮೊದಲ ಏಳು ಅಂಕಿಗಳನ್ನು 8, 7, 6, 5, 4, 3, 2ರಿಂದ ಗುಣಿಸಿ ಕೂಡಿದರೆ 93. ಅದನ್ನು 11ರಿಂದ ಭಾಗಿಸಿದರೆ ಉಳಿಯುವುದು 5. 11ರಲ್ಲಿ 5 ಕಳೆದರೆ 6. ಕೊನೆಯ ಅಂಕಿ 6 ಇದೆ, ಅಲ್ವಾ? ಅಂದರೆ ಸಂಖ್ಯೆಯಲ್ಲಿ ತಪ್ಪಿಲ್ಲ. ಆಮೇಲೆ ಪರೀಕ್ಷೆಗೆಂದು ಅದೇ ಸಂಖ್ಯೆಯನ್ನು ಪುಸ್ತಕಗಳ ಐಎಸ್‌ಬಿಎನ್ ಇರುವ 020 ಟ್ಯಾಗ್‌ಗೆ ಹಾಕಿ ಹುಡುಕಿದೆ. ಕೂಡಲೇ ಸಿಕ್ಕಿತು! ನಿಮ್ಮ ಹುಡುಕಾಟ 020 ಅನ್ನು ಮಾತ್ರ ಓದುತ್ತಿದೆ, 022 ಕಡೆಗೆ ಹೋಗುತ್ತಲೇ ಇಲ್ಲ. ಹಾಕಿದ್ದನ್ನು ಮತ್ತೆ ತೆಗೆದೆ, ಏಕೆಂದರೆ ಅದು ಇರಬೇಕಾದ ಜಾಗ ಅದಲ್ಲ. ನಿಮ್ಮ ಸಾಫ್ಟ್‌ವೇರ್ ದೋಷ ಮುಚ್ಚಲು ನಮ್ಮ ರೆಕಾರ್ಡ್‌ಗಳನ್ನು ಕೆಡಿಸಲು ನಾನು ತಯಾರಿಲ್ಲ.

'ಶೀರ್ಷಿಕೆ ಹಾಕಿ ಹುಡುಕಿ' ಎನ್ನುವುದು ಸುಲಭ. ಆದರೆ ಜರ್ನಲ್‌ಗಳ ಹೆಸರು ಪುಸ್ತಕದ ಹೆಸರಿನ ಹಾಗಲ್ಲ. 'ಬುಲೆಟಿನ್', 'ಪ್ರೊಸೀಡಿಂಗ್ಸ್' ಎಂಬ ಹೆಸರಿನವು ಎಷ್ಟಿವೆಯೋ ಲೆಕ್ಕವಿಲ್ಲ. ಹೆಸರು ಬದಲಾಗುವುದೂ ಉಂಟು. 1949ರಲ್ಲಿ ಶುರುವಾದ ಎಕನಾಮಿಕ್ ವೀಕ್ಲಿಯೇ ಮುಂದೆ 1966ರಲ್ಲಿ ಈಗಿನ ಹೆಸರಿನಲ್ಲಿ ಬಂದದ್ದು. ಇನ್ನು ಕನ್ನಡದ ಪತ್ರಿಕೆಗಳ ಪಾಡು ಕೇಳಲೇಬೇಡಿ. ಮೈಸೂರು ವಿಶ್ವವಿದ್ಯಾಲಯದ 'ಪ್ರಬುದ್ಧ ಕರ್ನಾಟಕ'ವನ್ನೇ ತೆಗೆದುಕೊಳ್ಳಿ. ಒಬ್ಬರು ಕನ್ನಡ ಲಿಪಿಯಲ್ಲಿ ಹಾಕುತ್ತಾರೆ, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಹಾಕುತ್ತಾರೆ. ಇಂಗ್ಲಿಷ್ ಅಕ್ಷರದಲ್ಲೂ ಒಬ್ಬೊಬ್ಬರದು ಒಂದೊಂದು ಥರ. ಇಂಥ ಕಡೆ ಲಿಪಿಯ ಹಂಗಿಲ್ಲದೆ ಕೆಲಸಕ್ಕೆ ಬರುವುದು ಎಂಟು ಅಂಕಿಯ ಸಂಖ್ಯೆ. ಕನ್ನಡ ಓದುಗರಿಗೆ ಇದರ ಉಪಯೋಗ ಉಳಿದವರಿಗಿಂತ ಜಾಸ್ತಿ ಎಂದೇ ನನ್ನ ಅಭಿಪ್ರಾಯ. ನಮ್ಮ ಅಧ್ಯಾಪಕರಿಗೂ ಇದು ಬೇಕು. ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆಯಾದ ನ್ಯಾಕ್‌ಗೆ ತಮ್ಮ ಲೇಖನಗಳ ವಿವರ ಕೊಡುವಾಗ ಐಎಸ್‌ಎಸ್‌ಎನ್ ಕಾಲಂ ತುಂಬಲೇಬೇಕು.

ಇದೇನು ನಿನ್ನೆ ಮೊನ್ನೆ ಬಂದ ಸಂಖ್ಯೆಯೂ ಅಲ್ಲ. ಇದಕ್ಕೆ ಐಎಸ್‌ಒ 3297 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂದದ್ದು 1975ರಲ್ಲಿ. ಲೈಬ್ರರಿಗಳು ಒಂದರಲ್ಲೊಂದು ಹುಡುಕಲು ಬಳಸುವ ಝಡ್39.50 ಎಂಬ ನಿಯಮಾವಳಿಯಲ್ಲೂ ಐಎಸ್‌ಬಿಎನ್‌ಗೆ 7, ಐಎಸ್‌ಎಸ್‌ಎನ್‌ಗೆ 8 ಎಂದು ಬೇರೆ ಬೇರೆ ಗುರುತೇ ಇದೆ.

ನನ್ನ ಕೋರಿಕೆ ಇಷ್ಟು. 022 ಟ್ಯಾಗ್ ಅನ್ನು ಹುಡುಕಾಟ ಓದುವ ಇಂಡೆಕ್ಸ್‌ಗೆ ಸೇರಿಸಿ, ಹಳೆಯ ರೆಕಾರ್ಡ್‌ಗಳನ್ನೆಲ್ಲ ಮತ್ತೊಮ್ಮೆ ಇಂಡೆಕ್ಸ್ ಮಾಡಿ. ಆ ಟ್ಯಾಗ್‌ನೊಳಗೆ ಸರಿಯಾದ ಸಂಖ್ಯೆ ಇರುವ 'ಎ' ಎಂಬ ಉಪಭಾಗ (ಸಬ್‌ಫೀಲ್ಡ್) ಒಂದನ್ನೇ ಸೇರಿಸಿ ಕೈತೊಳೆದುಕೊಳ್ಳಬೇಡಿ. ತಪ್ಪಾಗಿ ಅಚ್ಚಾದ ಸಂಖ್ಯೆ 'ವೈ'ನಲ್ಲಿ ಇರುತ್ತದೆ, ರದ್ದಾದದ್ದು 'ಝಡ್'ನಲ್ಲಿ. ಓದುಗರ ಕೈಯಲ್ಲಿರುವ ಹಳೆಯ ಪಟ್ಟಿಗಳಲ್ಲಿ ಎಷ್ಟೋ ಸಲ ಇರುವುದು ಅವೇ. 'ಎಲ್' ಸಬ್‌ಫೀಲ್ಡ್ ಕೂಡ ಬೇಕು. ಬೆಂಗಳೂರಿನಿಂದ ಬರುವ ರೆಸೊನೆನ್ಸ್ ಪತ್ರಿಕೆಯನ್ನು ನೋಡಿ. ಅಚ್ಚಿನ ಪ್ರತಿಗೆ 0971-8044 ಒಂದು ಸಂಖ್ಯೆ, ಆನ್‌ಲೈನ್ ಪ್ರತಿಗೆ ಬೇರೆ ಸಂಖ್ಯೆ. ಇಂಥ ಎರಡನ್ನು ಒಟ್ಟಿಗೆ ಕಟ್ಟುವ ಸಂಖ್ಯೆ ಇರುವುದು ಆ 'ಎಲ್'ನಲ್ಲಿ. ಓದುಗರು ಯಾವುದನ್ನು ಹಾಕಿದರೂ ಪತ್ರಿಕೆ ಸಿಗಬೇಕು. ಆ ಆನ್‌ಲೈನ್ ಸಂಖ್ಯೆ 0973-712 ಎಂದು ಶುರುವಾಗಿ ಎಕ್ಸ್ ಅಕ್ಷರದಲ್ಲಿ ಮುಗಿಯುತ್ತದೆ. ಎಕ್ಸ್ ಅನ್ನು ಚಿಕ್ಕದಾಗಿ ಒತ್ತಿದರೂ ದೊಡ್ಡದಾಗಿ ಒತ್ತಿದರೂ ಒಂದೇ ಎಂದು ತಿಳಿಯಬೇಕು.

ನಡುವಿನ ಅಡ್ಡಗೆರೆಯದೂ ಇದೇ ಕಥೆ. ಕೆಲವರು ಹಾಕುತ್ತಾರೆ, ಕೆಲವರು ಬಿಡುತ್ತಾರೆ. ಪಿಡಿಎಫ್‌ನಿಂದ ಕಾಪಿ ಮಾಡಿದರೆ ಸ್ವಲ್ಪ ಉದ್ದದ ಬೇರೆಯೇ ಗೆರೆ ಬರುತ್ತದೆ. ಎಲ್ಲಕ್ಕೂ ಒಂದೇ ಉತ್ತರ ಬರಬೇಕು. ಆದರೆ ಗೆರೆ ತೆಗೆಯುವಾಗ ಜೋಪಾನ. ಕಳೆದ ವರ್ಷ ನೀವು ಎಕ್ಸೆಲ್‌ನಲ್ಲಿ ಕಳಿಸಿದ ನಮ್ಮ ಜರ್ನಲ್ ಪಟ್ಟಿಯಲ್ಲಿ ಕರೆಂಟ್ ಸೈನ್ಸ್‌ನ 0011-3891 ಎಂಬುದು ಬರೀ 113891 ಆಗಿತ್ತು. ಗೆರೆ ತೆಗೆದ ಕೂಡಲೇ ಎಕ್ಸೆಲ್ ಅದನ್ನು ಮಾಮೂಲಿ ಅಂಕಿ ಎಂದುಕೊಂಡು ಮುಂದಿನ ಸೊನ್ನೆಗಳನ್ನು ತಿಂದುಹಾಕಿತ್ತು. ಒಂದೊಂದಾಗಿ ಸರಿಪಡಿಸಲು ನನಗೆ ಮತ್ತು ನಮ್ಮ ಸಹಾಯಕರಿಗೆ ಎರಡು ವಾರ ಹಿಡಿಯಿತು. ದಯವಿಟ್ಟು ಈ ಸಂಖ್ಯೆಯನ್ನು ಅಕ್ಷರಗಳ ಹಾಗೆಯೇ ಇಡಿ, ಅಂಕಿ ಮಾಡಬೇಡಿ.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬೇಕು. ಯಾವ ದಿನಕ್ಕೆ ಸರಿಯಾಗುತ್ತದೆ ಎಂದು ಅದರಲ್ಲಿ ಇರಬೇಕು. ಸುಮ್ನೆ ಇನ್ನೊಂದು ಟಿಕೆಟ್ ನಂಬರ್ ಕಳಿಸಬೇಡಿ. ಸರಿಯಾಗುವ ತನಕ ಈ ವರ್ಷದ ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಬಿಲ್ ತಡೆಹಿಡಿಯುವಂತೆ ಪ್ರಾಂಶುಪಾಲರಿಗೆ ಬರೆದುಕೊಟ್ಟಿದ್ದೇನೆ, ಅವರು ಒಪ್ಪಿದ್ದಾರೆ. ಹುಡುಕಿದರೂ ಸಿಗದ 20 ಜರ್ನಲ್‌ಗಳ ಸಂಖ್ಯೆ ಮತ್ತು ಸ್ಕ್ರೀನ್‌ಶಾಟ್‌ಗಳನ್ನು ಇದರ ಜೊತೆ ಇಟ್ಟಿದ್ದೇನೆ. ಸರಿಪಡಿಸಿದ ಮೇಲೆ ಇದೇ 20 ಸಂಖ್ಯೆಗಳನ್ನು ಗೆರೆ ಹಾಕಿ ಒಮ್ಮೆ, ಗೆರೆ ಇಲ್ಲದೆ ಒಮ್ಮೆ ಹುಡುಕಿ ನೋಡುತ್ತೇನೆ.

ಇಂತಿ,
ಗ್ರಂಥಪಾಲಕಿ