ನಮ್ಮಪ್ಪನ ಕಾಲು ಉಳಿಸಿದವ್ರಿಗೆಲ್ಲಾ ಶರಣ್ರಿ

ಎಲ್ಲಾರಿಗೂ ಶರಣ್ರಿ. ಈ ವಾರ ನಮ್ಮಪ್ಪನ ಕಾಲಿನ ಎಲುಬು ಹಿಡದಿಡಾಕ ಹೊರಗಿಂದ ಹಾಕಿದ್ದ ರಿಂಗ್ ತೆಗದ್ರು, ಎಕ್ಸ್‌ರೇದಾಗ ಎಲುಬು ಕೂಡೇತಿ, ಕೀವು ಪೂರ್ತಿ ನಿಂತೈತಿ, ಕೋಲು ಹಿಡಕೊಂಡು ತಾನ ದನದ ಕೊಟ್ಟಿಗಿ ತನಕ ಹೋಗಿ ಬರಾಕ ಹತ್ಯಾನ. ಭಾಳ ಮಂದಿ ಫೋನ್ ಮಾಡಿ ಕೇಳಾಕತ್ತೀರಿ, ಅದಕ್ಕ ಇಲ್ಲೇ ಬರೀತೀನಿ.

ಮುಧೋಳ ಕಡೆ ಕಬ್ಬಿನ ಸೀಜನ್‌ದಾಗ ಟ್ರ್ಯಾಕ್ಟರ್ ಟ್ರೇಲಿ ಕಾಲಮ್ಯಾಲೆ ಬಂದು ಮೊಳಕಾಲ ಕೆಳಗಿನ ಎಲುಬು ಮುರದಿತ್ತು, ರಾಡ್ ಹಾಕಿಸಿದ್ವಿ. ಆಮ್ಯಾಲೆ ಶುರುವಾತು ನೋಡ್ರಿ, ಗಾಯ ಮಾಯ್ದಂಗ ಆಗೂದು, ಗುಳಿಗಿ ಬಿಟ್ಟ ಕೂಡ್ಲೇ ಮತ್ತ ಒಡದು ಕೀವು ಬರೂದು. ಎಲುಬಿನ್ಯಾಗ ಜೆಂಟಾಮೈಸಿನ್ ಅನ್ನೂ ಆ್ಯಂಟಿಬಯಾಟಿಕ್ ಇರೋ ಮಣಿ ಇಟ್ಟು ನೋಡಿದ್ರು, ಆದ್ರೂ ತಿರಗಿ ಬಂತು. ಕೀವು ಟೆಸ್ಟಿಗೆ ಕೊಟ್ರ ರಿಪೋರ್ಟ್‌ದಾಗ ‘ನೋ ಗ್ರೋಥ್’, ಅಂದ್ರ ಯಾವ ಬ್ಯಾಕ್ಟೀರಿಯಾನೂ ಬೆಳದಿಲ್ಲ ಅಂತ. ಕಾಲು ತೆಗಿಬೇಕಾದೀತು ಅನ್ನೂ ಮಾತು ಬಂದಾಗ ಅವ್ವ ಊಟಾ ಬಿಟ್ಟಿದ್ಲು.

ಮೊದಲನೇ ಶರಣು ಬೆಳಗಾವಿಯ ಎಲುಬಿನ ಡಾಕ್ಟರ್ ಸರ್‌ಗೆ. ಅವ್ರು ಮೊದ್ಲು ಆ್ಯಂಟಿಬಯಾಟಿಕ್ ಬಂದ್ ಮಾಡ್ಸಿ, ಆಮ್ಯಾಲೆ ಆಪರೇಷನ್ ಮಾಡಿ ರಾಡ್ ತೆಗದು, ಮ್ಯಾಲಿನ ಕೀವು ಅಲ್ಲ, ಒಳಗಿನ ಎಲುಬಿನ ಚೂರನ್ನ ನಾಕೈದು ಕಡೆಯಿಂದ ತಗೊಂಡು ಲ್ಯಾಬಿಗೆ ಕಳಿಸಿದ್ರು. ಎರಡನೇ ಶರಣು ಆ ಲ್ಯಾಬಿನ ಮೇಡಂಗೆ, ಇವ್ರಿಗೆ ಎಷ್ಟು ಹೇಳಿದ್ರೂ ಕಡಿಮಿನ. ಸ್ಟ್ಯಾಫಿಲೊಕಾಕಸ್ ಔರಿಯಸ್ ಅನ್ನೂ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಒಂದ ರಾತ್ರಿಯೊಳಗ, ಲ್ಯಾಬಿನ್ಯಾಗ ಬ್ಯಾಕ್ಟೀರಿಯಾ ಬೆಳಸೋ ಪ್ಲೇಟಿನ್ಯಾಗ, ಹಳದಿ ಬಣ್ಣದ ದೊಡ್ಡ ಚುಕ್ಕಿಯಾಗಿ ಎದ್ದು ಕಾಣ್ತೈತಂತ. ನಮ್ಮಪ್ಪನ ಪ್ಲೇಟ್ ಮರುದಿನ ಖಾಲಿ ಇತ್ತು. ಮೇಡಂ ಎಸೀಲಿಲ್ರಿ, ಮತ್ತ ಒಳಗಿಟ್ರು, ಮೂರನೇ ದಿನಕ್ಕ ಗಸಗಸಿಗಿಂತ ಸಣ್ಣ, ಬಣ್ಣ ಇಲ್ಲದ ಚುಕ್ಕಿ ಎದ್ದಿದ್ವು, ಅದ ಬ್ಯಾಕ್ಟೀರಿಯಾದ ಸಣ್ಣ ರೂಪ.

ನನ್ನ ಕರದು ತೋರಿಸಿದ್ರು. ಪ್ಲೇಟಿನ ಮ್ಯಾಲೆ ಬ್ಯಾಕ್ಟೀರಿಯಾ ಬೆಳಿಯಾಕ ಬೇಕಾಗೋ ವಸ್ತು ಹಚ್ಚಿದ ಮೂರು ಸಣ್ಣ ಬಿಲ್ಲಿ ಇಟ್ಟಿದ್ರು, ಒಂದರಾಗ ಹೀಮಿನ್ (ಹೀಮ್ ಅನ್ನೂದರ ಒಂದು ರೂಪ), ಒಂದರಾಗ ಮೆನಡಿಯೋನ್, ಒಂದರಾಗ ಥೈಮಿಡಿನ್. ಹೀಮಿನ್ ಬಿಲ್ಲಿ ಸುತ್ತ ಅಷ್ಟ ಚುಕ್ಕಿ ದಪ್ಪಾಗಿ ಬೆಳದಿದ್ವು, ಉಳಿದ ಎರಡರ ಸುತ್ತ ಏನೂ ಇಲ್ಲ. ಅಂದ್ರ ಹೀಮ್ ಅನ್ನೂ ಕಬ್ಬಿಣ ಇರೋ ವಸ್ತು ತಯಾರು ಮಾಡೋ ಜೀನ್‌ಗಳಾಗ ಎಲ್ಲೋ ಮ್ಯುಟೇಷನ್ ಆಗಿ ಕೆಟ್ಟೈತಿ, ಹೊರಗಿಂದ ಹೀಮ್ ಸಿಕ್ರ ಬೆಳೀತೈತಿ. ಹೀಮ್ ಇಲ್ಲಂದ್ರ ಅದರ ಉಸಿರಾಟದ ಸರಪಳಿ ನಡಿಯೂದಿಲ್ಲ, ಶಕ್ತಿ ಕಡಿಮಿ, ಬೆಳವಣಿಗಿ ನಿಧಾನ. ಜೆಂಟಾಮೈಸಿನ್ ಬ್ಯಾಕ್ಟೀರಿಯಾದೊಳಗ ಹೋಗಬೇಕಂದ್ರ ಅದ ಉಸಿರಾಟದಿಂದ ಹುಟ್ಟೋ ವಿದ್ಯುತ್ ಒತ್ತಡ ಬೇಕು, ಅದು ಇಲ್ಲದಕ್ಕ ಔಷಧ ಹೊರಗ ಉಳಿತೈತಿ. ಮ್ಯಾಲಿಂದ ಇವು ಎಲುಬಿನ ಜೀವಕೋಶದ ಒಳಗ ಹೋಗಿ ಕುಂದ್ರತಾವು, ಆಮ್ಯಾಲೆ ಯಾವಾಗರ ಒಂದೊಂದು ಮೊದಲಿನ ಜೋರಿನ ರೂಪಕ್ಕ ಮರಳಿ ಕೀವು ಎಬ್ಬಸ್ತಾವು. ಇದನ್ನ ಕೇಳಿದಾಗ ನಂಗ ಇಷ್ಟು ದಿನದ ಗೋಳಿಗೆಲ್ಲಾ ಅರ್ಥ ಸಿಕ್ಕಂಗಾತು.

ಇಂಥ ಸಣ್ಣ ಚುಕ್ಕಿಯ ಬ್ಯಾಕ್ಟೀರಿಯಾ ಮತ್ತ ಮತ್ತ ತಿರಗಿ ಬರೋ ಸೋಂಕಿನ ಹಿಂದ ಅದಾವ ಅಂತ 1995ರಾಗ ರಿಚರ್ಡ್ ಪ್ರಾಕ್ಟರ್ ಅನ್ನೂ ಸಂಶೋಧಕರು ಮತ್ತವ್ರ ಜೊತಿಯವ್ರು ಐದು ರೋಗಿಗಳ ಬಗ್ಗೆ ಬರದು ತೋರಿಸಿದ್ರಂತ. 1997ರಾಗ ಹೆಮ್‌-ಬಿ ಅನ್ನೂ ಹೀಮ್ ತಯಾರು ಮಾಡೋ ಒಂದ ಜೀನ್ ಬೇಕಂತ ಕೆಡಿಸಿ ನೋಡಿದ್ರ ಬ್ಯಾಕ್ಟೀರಿಯಾ ಹಿಂಗ ಸಣ್ಣ ಆತು, ಹೀಮಿನ್ ಹಾಕಿದ್ರ ಮತ್ತ ಮೊದಲಿನಂಗಾತು. ಅವ್ರಿಗೂ ನಮ್ಮ ಮನಿಯ ಶರಣು, ಅವ್ರು ಎಲ್ಲೋ ಕುಂತು ಮಾಡಿದ ಕೆಲಸ ಬಾಗಲಕೋಟಿ ಜಿಲ್ಲಾದ ಒಬ್ಬ ರೈತನ ಕಾಲಿಗೆ ಬಂತು.

ಆಮ್ಯಾಲೆ ಸತ್ತ ಎಲುಬು ಕೆತ್ತಿ ತೆಗದು, ರಿಂಗ್ ಹಾಕಿ, ಔಷಧ ಬದಲಿಸಿದ್ರು. ಅದರಾಗ ರಿಫಾಂಪಿಸಿನ್ ಇತ್ತು, ಒಂದಕ್ಕ ಹೋದ್ರ ಕೆಂಪು ಬಣ್ಣ ನೋಡಿ ಅಪ್ಪ ಗಾಬರಿ ಆಗಿದ್ದ, ವಾರ್ಡಿನ ಸಿಸ್ಟರ್ ಇದು ಗುಳಿಗಿ ಬಣ್ಣ ಕಾಕಾ ಅಂತ ಧೈರ್ಯ ಹೇಳಿದ್ರು. ಆ ಸಿಸ್ಟರ್‌ಗೂ ಶರಣು. ರಕ್ತ ಕೊಟ್ಟ ಹುಡುಗ್ರು, ನಾವು ಬೆಳಗಾವ್ಯಾಗ ಇದ್ದಾಗ ನಮ್ಮ ಕಬ್ಬು ಕಡಿಸಿ ಫ್ಯಾಕ್ಟರಿಗೆ ಮುಟ್ಟಿಸಿದ ಓಣಿಯವ್ರು, ಎಮ್ಮಿ ಹಿಂಡಿಕೊಟ್ಟ ಚಿಗವ್ವ, ನಿಮ್ಮ ಋಣ ಭಾಳ ದೊಡ್ಡದೈತ್ರಿ.

ಯಾರ ಮನ್ಯಾಗರ ರಾಡ್ ಹಾಕಿದ ಜಾಗಾದಾಗ ಕೀವು ಮತ್ತ ಮತ್ತ ಬರಾಕತ್ತಿದ್ರ, ರಿಪೋರ್ಟ್ ಖಾಲಿ ಬರಾಕತ್ತಿದ್ರ, ಪ್ಲೇಟ್ ಇನ್ನೂ ಸ್ವಲ್ಪ ದಿನ ಇಟ್ಟು ನೋಡ್ತೀರೇನ್ರಿ ಅಂತ ಡಾಕ್ಟ್ರಿಗೆ ಕೇಳ್ರಿ. ಔಷಧ ನಿಮ್ಮಷ್ಟಕ್ಕ ನೀವು ಬಿಡಬ್ಯಾಡ್ರಿ, ಅದನ್ನೂ ಡಾಕ್ಟ್ರ ಹೇಳಬೇಕು. ಅಪ್ಪಂದು ಮುಂದಿನ ತಿಂಗಳು ಮತ್ತ ಚೆಕಪ್ ಐತಿ, ಲ್ಯಾಬಿನ ಮೇಡಂಗೆ ಕರದಂಟು ಒಯ್ಯೂನು ಅಂತ ಈಗಿಂದ ಹೇಳಾಕ ಹತ್ಯಾನ.