ಧ್ವಜದ ಮೈದಾನ ಮತ್ತು ಆರಡಿ ಮಣ್ಣು: ನಂಬುವವರೂ ನಂಬದವರೂ ಸೇರಿ ನಗರಸಭೆಗೆ ಸಲ್ಲಿಸುವ ಮನವಿ

ಇವರಿಗೆ,
ಮಾನ್ಯ ಅಧ್ಯಕ್ಷರು, ಸದಸ್ಯರು ಮತ್ತು ಪೌರಾಯುಕ್ತರು,
ನಗರಸಭೆ, ಕೆಜಿಎಫ್, ಕೋಲಾರ ಜಿಲ್ಲೆ.

ಇವರಿಂದ,
ಚಾಂಪಿಯನ್ ರೀಫ್ ಭಾಗದ ಗಣಿ ಲೈನ್ ಮನೆಗಳ ನಿವಾಸಿಗಳು.

ವಿಷಯ: ನಗರಸಭೆಯ ಮೈದಾನದಲ್ಲಿ ನಡೆಯುವ ಧ್ವಜಾರೋಹಣದಲ್ಲಿ ಯಾವ ಧರ್ಮದ ಪ್ರಾರ್ಥನೆಯೂ ಇರದಂತೆ ತೀರ್ಮಾನಿಸುವ ಬಗ್ಗೆ ಹಾಗೂ ಸಾರ್ವಜನಿಕ ಸ್ಮಶಾನದಲ್ಲಿ ಧರ್ಮ ಕೇಳದೆ ಹೂಳಲು ಜಾಗ ಗುರುತಿಸುವ ಬಗ್ಗೆ.

ಮಾನ್ಯರೇ,

ಈ ಮನವಿಗೆ ಸಹಿ ಹಾಕಿರುವವರಲ್ಲಿ ಹೆಚ್ಚಿನವರು ಕ್ರೈಸ್ತರು. ಉಳಿದವರು ದೇವರನ್ನು ನಂಬದವರು. ಒಂದೇ ನಲ್ಲಿಯ ಮುಂದೆ ಕೊಡಗಳನ್ನು ಸಾಲಾಗಿ ಇಟ್ಟು ಬೆಳೆದ ಮನೆಗಳು ನಮ್ಮವು. ಒಂದು ವರ್ಷದಿಂದ ಆ ಸಾಲಿನಲ್ಲಿ ನಿಂತವರು ಒಬ್ಬರನ್ನೊಬ್ಬರು ಮಾತನಾಡಿಸುತ್ತಿಲ್ಲ. ಇದನ್ನು ಬರೆಯುತ್ತಿರುವ ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಭಾನುವಾರದ ಆರಾಧನೆಯನ್ನು ತಪ್ಪಿಸದವಳು. ನನ್ನ ಅಣ್ಣ ನಾಸ್ತಿಕರಾಗಿದ್ದರು. ಆದ್ದರಿಂದ ಎರಡೂ ಕಡೆಯವರು ಬರೆಯುವ ಕೆಲಸವನ್ನು ನನಗೆ ಒಪ್ಪಿಸಿದ್ದಾರೆ.

ಕಳೆದ ಆಗಸ್ಟ್ 15ರಂದು ನಡೆದದ್ದನ್ನು ಮೊದಲು ತಿಳಿಸುತ್ತೇವೆ. ಮೈದಾನ ನಗರಸಭೆಯದು. ಮೈಕಿಗೂ ಸಿಹಿಗೂ ಹಣ ಬಂದದ್ದು ನಗರಸಭೆಯಿಂದ. ಏರ್ಪಾಡು ಮಾತ್ರ ಬಡಾವಣೆಯ ಸಮಿತಿಯೊಂದರದು. ಧ್ವಜ ಏರಿಸುವ ಮೊದಲು ಸಮಿತಿಯವರು ಪಾಸ್ಟರ್ ಒಬ್ಬರನ್ನು ವೇದಿಕೆಗೆ ಕರೆದು ದೇಶಕ್ಕಾಗಿ ಪ್ರಾರ್ಥಿಸಲು ಕೋರಿದರು. ಎಲ್ಲರೂ ತಲೆಬಾಗಿ ಕಣ್ಣು ಮುಚ್ಚಬೇಕೆಂದು ಮೈಕಿನಲ್ಲಿ ಕೂಗಿದರು. ಐದನೆಯ ತರಗತಿಯ ಹುಡುಗಿಯೊಬ್ಬಳು ಕಣ್ಣು ಬಿಟ್ಟುಕೊಂಡು ಹೂವಿನ ದಳ ತುಂಬಿದ ಧ್ವಜದ ಗಂಟನ್ನೇ ನೋಡುತ್ತಿದ್ದಳು. ಹಿಂದೆ ನಿಂತಿದ್ದ ಹಿರಿಯರೊಬ್ಬರು ಅವಳ ನೆತ್ತಿಯ ಮೇಲೆ ಕೈಯಿಟ್ಟು ತಲೆಯನ್ನು ಕೆಳಕ್ಕೆ ಒತ್ತಿದರು. ಮಗು ತಲೆ ಎತ್ತಿತು. ಅವರು ಮತ್ತೆ ಒತ್ತಿದರು. ಜಡೆಗೆ ಕಟ್ಟಿದ್ದ ಮೂರು ಬಣ್ಣದ ರಿಬ್ಬನ್ ಬಿಚ್ಚಿ ನೆಲಕ್ಕೆ ಬಿತ್ತು. ಅವಳ ತಂದೆ ಓಡಿ ಬಂದು ಮೈಕನ್ನು ಕಿತ್ತುಕೊಂಡರು. ಆಮೇಲೆ ಅವರು ಯೇಸುವಿನ ಬಗ್ಗೆ ಆಡಿದ ಮಾತನ್ನು ಇಲ್ಲಿ ಬರೆಯಲಾರೆ. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ. ಧ್ವಜದ ಹಗ್ಗ ಹಿಡಿದಿದ್ದ ನಿವೃತ್ತ ಗಣಿ ಕಾರ್ಮಿಕರು ಅರ್ಧ ಗಂಟೆ ಹಾಗೆಯೇ ನಿಂತಿದ್ದರು. ಕೊನೆಗೆ ಧ್ವಜ ಏರಿದಾಗ ಅರ್ಧಕ್ಕರ್ಧ ಜನ ಮನೆಗೆ ಹೋಗಿಯಾಗಿತ್ತು.

ಆ ತಂದೆ ತಮ್ಮ ಮಾತಿಗಾಗಿ ಕ್ಷಮೆ ಕೇಳಿದ್ದಾರೆ. ಆದರೆ ಆ ಮಗುವಿನ ತಲೆ ಒತ್ತಿದ್ದು ತಪ್ಪು ಎಂದು ನಮ್ಮ ಕಡೆಯವರು ಬಾಯಿಬಿಟ್ಟು ಹೇಳಿರಲಿಲ್ಲ. ಕ್ರೈಸ್ತರಾದ ನಾವು ಈಗ ಬರಹದಲ್ಲಿ ಹೇಳುತ್ತಿದ್ದೇವೆ: ಅದು ತಪ್ಪು. ಆ ಪ್ರಾರ್ಥನೆಯನ್ನು ಅಲ್ಲಿ ಇಟ್ಟದ್ದೂ ತಪ್ಪು. ಬಾಗಿಲು ಮುಚ್ಚಿಕೊಂಡು ಗುಟ್ಟಾಗಿ ಪ್ರಾರ್ಥಿಸಬೇಕೆಂದು ಕಲಿಸಿದ ಗುರುವಿನ ಹೆಸರಿನಲ್ಲಿ ಧ್ವನಿವರ್ಧಕ ಹಚ್ಚಿ ಪರರ ಮಕ್ಕಳ ತಲೆ ಬಾಗಿಸುವುದು ನಮ್ಮ ನಂಬಿಕೆಗೆ ಶೋಭಿಸುವುದಿಲ್ಲ.

ಕಾನೂನಿನ ಮಾತನ್ನೂ ಹೇಳಬೇಕು. ಸಂವಿಧಾನದ 25ನೆಯ ವಿಧಿ ನಮಗೆ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಕೊಟ್ಟಿದೆ. ಕ್ರೈಸ್ತರು ಅದನ್ನು ಪದೇ ಪದೇ ನೆನೆಯುತ್ತೇವೆ. ಆದರೆ ಆ ವಿಧಿ ಮೊದಲು ಹೆಸರಿಸುವುದು ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು. ಯಾವುದೇ ಒಂದು ಧರ್ಮದ ಪ್ರೋತ್ಸಾಹಕ್ಕೆಂದು ತೆರಿಗೆ ಕೊಡುವಂತೆ ಯಾರನ್ನೂ ಬಲವಂತಪಡಿಸುವಂತಿಲ್ಲ ಎನ್ನುತ್ತದೆ 27ನೆಯ ವಿಧಿ. ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮೂವರು ಮಕ್ಕಳು ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅವರನ್ನು ಶಾಲೆಯಿಂದ ಹೊರಹಾಕಲಾಯಿತು. 1986ರಲ್ಲಿ ಸುಪ್ರೀಂ ಕೋರ್ಟ್ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಆ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಬೇಕೆಂದು ತೀರ್ಪು ಕೊಟ್ಟಿತು. ಕ್ರಿಸ್ತನನ್ನು ನಂಬುವ ಮಕ್ಕಳ ಬಾಯಿಯನ್ನು ಬಲವಂತದಿಂದ ಬಿಡಿಸಬಾರದು ಎಂಬ ಕಾನೂನು ನಮಗೆ ಬೇಕಾದರೆ, ನಂಬದವರ ಮಗುವಿನ ಕಣ್ಣನ್ನು ಬಲವಂತದಿಂದ ಮುಚ್ಚಿಸಬಾರದು ಎಂಬುದನ್ನೂ ಒಪ್ಪಬೇಕಾಗುತ್ತದೆ.

ದೇಶದ ಹೆಸರಿನ ಜೊತೆಗೆ ದೇವರ ಹೆಸರನ್ನು ಸೇರಿಸಬೇಕೇ ಎಂಬ ಪ್ರಶ್ನೆ ನಮ್ಮ ಮೈದಾನದಲ್ಲಿ ಹುಟ್ಟಿದ್ದಲ್ಲ. 1949ರ ಅಕ್ಟೋಬರ್ 17ರಂದು ಸಂವಿಧಾನ ರಚನಾ ಸಭೆಯಲ್ಲಿ ಎಚ್.ವಿ. ಕಾಮತ್ ಅವರು ಪೀಠಿಕೆಯು ದೇವರ ಹೆಸರಿನಿಂದ ಆರಂಭವಾಗಲಿ ಎಂದು ತಿದ್ದುಪಡಿ ತಂದರು. ಪರವಾಗಿ 41 ಮತ, ವಿರುದ್ಧ 68 ಮತ ಬಿದ್ದು ಅದು ಸೋತಿತು. ಇದರಿಂದ ಸಂವಿಧಾನ ದೇವರ ವಿರೋಧಿಯಾಗಲಿಲ್ಲ. ಮೂರನೆಯ ಅನುಸೂಚಿಯಲ್ಲಿ ಶಾಸಕರೂ ಸಂಸದರೂ ದೇವರ ಹೆಸರಿನಲ್ಲಾದರೂ ಪ್ರಮಾಣ ಮಾಡಬಹುದು, ದೇವರ ಹೆಸರೆತ್ತದೆ ಶ್ರದ್ಧಾಪೂರ್ವಕವಾಗಿ ದೃಢೀಕರಿಸಲೂಬಹುದು. ಎರಡಕ್ಕೂ ಒಂದೇ ಬೆಲೆ.

ಈ ಎರಡನೆಯ ದಾರಿಗಾಗಿ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಾ ಎಂಬ ನಾಸ್ತಿಕರು ಆರು ವರ್ಷ ಹೆಣಗಿದರು. 1880ರಲ್ಲಿ ನಾರ್ಥಾಂಪ್ಟನ್ ಕ್ಷೇತ್ರದಿಂದ ಗೆದ್ದರೂ, ದೇವರ ಹೆಸರಿಲ್ಲದೆ ದೃಢೀಕರಿಸುತ್ತೇನೆ ಎಂದುದಕ್ಕೆ ಸಂಸತ್ತಿನಲ್ಲಿ ಕೂರಲು ಬಿಡಲಿಲ್ಲ. 1886ರಲ್ಲಿ ಆಸನ ಸಿಕ್ಕಿತು, 1888ರಲ್ಲಿ ಅವರ ಶ್ರಮದಿಂದಲೇ ದೃಢೀಕರಣಕ್ಕೂ ಅವಕಾಶ ಕೊಡುವ ಪ್ರಮಾಣ ಕಾಯ್ದೆ ಬಂತು. ಮರುವರ್ಷ ಅವರು ಮುಂಬೈಯ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದರು. 1891ರಲ್ಲಿ ಅವರು ತೀರಿಕೊಂಡಾಗ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ಗಾಂಧೀಜಿ ಅಂತ್ಯಕ್ರಿಯೆಗೆ ಹೋಗಿದ್ದರು. ಕೆಲವು ಪಾದ್ರಿಗಳೂ ಬಂದು ಕೊನೆಯ ಗೌರವ ಸಲ್ಲಿಸಿದರು. ಇದನ್ನೆಲ್ಲ ನನಗೆ ಹೇಳಿದ್ದು ನನ್ನ ಅಣ್ಣ. ಪಾದ್ರಿಗಳು ಬಂದಿದ್ದರು ಎಂಬಲ್ಲಿಗೆ ಬಂದಾಗಲೆಲ್ಲ ಅವರು ಒಂದು ಕ್ಷಣ ಮಾತು ನಿಲ್ಲಿಸುತ್ತಿದ್ದರು.

ಅಣ್ಣ ಗಣಿಯಲ್ಲಿ ಕೇಜನ್ನು ಇಳಿಸಿ ಏರಿಸುವ ವೈಂಡಿಂಗ್ ಎಂಜಿನ್ನಿನ ಚಾಲಕರಾಗಿದ್ದರು. ಶಾಫ್ಟಿನ ಬಾಯಲ್ಲಿ ಕೇಜು ಹತ್ತುವ ಕಾರ್ಮಿಕರು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ಕೆಲವರು ಮಾರಿಯಮ್ಮನನ್ನು ನೆನೆಯುತ್ತಿದ್ದರು. ಗಂಟೆಯ ಸದ್ದು ಎಣಿಸಿ, ಸನ್ನೆಗೋಲಿನ ಮೇಲೆ ಕೈಯಿಟ್ಟು, ಆ ಎಲ್ಲರನ್ನೂ ಇಳಿಸಿ ಮತ್ತೆ ಮೇಲಕ್ಕೆ ತರುತ್ತಿದ್ದುದು ಯಾವ ದೇವರಿಗೂ ಕೈಮುಗಿಯದ ನನ್ನ ಅಣ್ಣನ ಕೈ. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಅದೇ ಕೆಲಸ. ಏರ್‌ಬ್ಲಾಸ್ಟ್ ಆಗಿ, ಅಂದರೆ ಗಣಿಯೊಳಗೆ ಬಂಡೆ ಸಿಡಿದು, ಕೆಳಗೆ ಜನ ಸಿಕ್ಕಿಕೊಂಡ ರಾತ್ರಿಗಳಲ್ಲಿ ಎಂಜಿನ್ ಬಿಟ್ಟು ಕದಲುತ್ತಿರಲಿಲ್ಲ, ನಮ್ಮ ತಾಯಿ ಒಲೆಯ ಮುಂದೆ ಜಪಸರ ಹಿಡಿದು ಕೂತಿರುತ್ತಿದ್ದರು.

ಅಣ್ಣ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅಮ್ಮನ ಪಕ್ಕದಲ್ಲಿ ಹೂಳಿ, ಪ್ರಾರ್ಥನೆ ಬೇಡ ಎಂದು ಚೀಟಿ ಬರೆದಿಟ್ಟಿದ್ದರು. ಅಮ್ಮನ ಗೋರಿ ಇರುವುದು ಚರ್ಚೊಂದರ ಸ್ಮಶಾನದಲ್ಲಿ. ಸಂಸ್ಕಾರವಿಲ್ಲದೆ ಅಲ್ಲಿ ಹೂಳಲಾಗದು ಎಂದು ಹಿರಿಯರು ಹೇಳಿದರು. ಅಣ್ಣನ ಗೆಳೆಯರು ಗೇಟಿನ ಮುಂದೆ ಘೋಷಣೆ ಕೂಗಿದರು. ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಶವ ವ್ಯಾನಿನಲ್ಲೇ ಇತ್ತು. ಕಾಲಿನ ಬಳಿ ಇಟ್ಟಿದ್ದ ಐಸ್ ಕರಗಿ ಬಾಗಿಲ ಸಂದಿನಿಂದ ತೊಟ್ಟಿಕ್ಕುತ್ತಿತ್ತು. ಕೊನೆಗೆ ಬೇರೊಂದು ಸಮುದಾಯದವರು ಮರುಗಿ ತಮ್ಮ ಸ್ಮಶಾನದ ಬೇಲಿಯ ಪಕ್ಕದಲ್ಲಿ ಜಾಗ ಕೊಟ್ಟರು. ಟಾರ್ಚಿನ ಬೆಳಕಿನಲ್ಲಿ ಹೂಳಿದೆವು. ನಾನು ಬಾಯಲ್ಲಿ ಏನೂ ಹೇಳಲಿಲ್ಲ, ಅದು ಅವರ ಇಚ್ಛೆ. ಮನಸ್ಸಿನಲ್ಲಿ ಪ್ರಾರ್ಥಿಸಿದೆ, ಅದು ನನ್ನದು.

ಚರ್ಚಿನ ಸ್ಮಶಾನ ಚರ್ಚಿನದು. ತನ್ನ ಧಾರ್ಮಿಕ ವ್ಯವಹಾರವನ್ನು ತಾನೇ ನೋಡಿಕೊಳ್ಳುವ ಹಕ್ಕು 26ನೆಯ ವಿಧಿಯಲ್ಲಿ ಅದಕ್ಕಿದೆ. ಮನಸ್ಸು ಒಪ್ಪದಿದ್ದರೂ ಆ ಹಕ್ಕನ್ನು ನಾನು ಪ್ರಶ್ನಿಸುವುದಿಲ್ಲ, ಈಗ ಅಣ್ಣನ ಗೆಳೆಯರೂ ಪ್ರಶ್ನಿಸುತ್ತಿಲ್ಲ. ಆದರೆ ಶವಸಂಸ್ಕಾರಕ್ಕೆ ಸ್ಥಳ ಒದಗಿಸುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಂತೆ ಸ್ಥಳೀಯ ಸಂಸ್ಥೆಯ ಹೊಣೆ. ಸಾರ್ವಜನಿಕ ಸ್ಮಶಾನದಲ್ಲಿ ಒಂದು ಭಾಗವನ್ನು ಯಾವ ಧರ್ಮದವರು, ಯಾವ ಜಾತಿಯವರು ಎಂದು ಕೇಳದೆ ಯಾರನ್ನಾದರೂ ಹೂಳಲು ಬಿಟ್ಟುಕೊಡಬೇಕೆಂದು ಬೇಡುತ್ತೇವೆ. ಅಲ್ಲಿ ಒಂದು ನಲ್ಲಿ, ಒಂದು ತಗಡಿನ ಚಾವಣಿ, ರಾತ್ರಿಗೊಂದು ದೀಪ ಇದ್ದರೆ ಸಾಕು. ಪ್ರಾರ್ಥಿಸುವವರು ಪ್ರಾರ್ಥಿಸಲಿ, ಸುಮ್ಮನೆ ನಿಲ್ಲುವವರು ನಿಲ್ಲಲಿ.

ಧ್ವಜಾರೋಹಣದ ವಿಷಯದಲ್ಲಿ ನಮ್ಮ ಕೋರಿಕೆ ಇಷ್ಟು. ನಗರಸಭೆಯ ಜಾಗ ಅಥವಾ ಹಣ ಬಳಸಿ ಮಾಡುವ ಜನವರಿ 26 ಮತ್ತು ಆಗಸ್ಟ್ 15ರ ಕಾರ್ಯಕ್ರಮದಲ್ಲಿ ಧ್ವಜ, ರಾಷ್ಟ್ರಗೀತೆ, ಭಾಷಣ, ಮಕ್ಕಳ ಕಾರ್ಯಕ್ರಮ ಮಾತ್ರ ಇರಲಿ. ಅನುಮತಿ ಪತ್ರದಲ್ಲಿಯೇ ಇದನ್ನು ಬರೆದುಕೊಡಿ.

ಕ್ರೈಸ್ತರಾದ ನಮ್ಮವರಲ್ಲಿ ಇದರ ಬಗ್ಗೆ ಒಂದು ಭಯವಿದೆ, ಮುಚ್ಚಿಡುವುದಿಲ್ಲ. ನಿಯಮವೆಂಬುದು ಬಂದರೆ ಅದು ಸಣ್ಣವರ ಕುತ್ತಿಗೆಗೇ ಬೀಳುತ್ತದೆ ಎಂಬ ಭಯ. ಪಾಸ್ಟರ್ ಬಾಯಿ ತೆರೆದರೆ ಸಂವಿಧಾನ ನೆನಪಾಗುತ್ತದೆ, ರಸ್ತೆ ಕಾಮಗಾರಿಯ ಗುದ್ದಲಿ ಪೂಜೆಯಲ್ಲಿ ಕಾಯಿ ಒಡೆಯುವಾಗ ಯಾರಿಗೂ ನೆನಪಾಗುವುದಿಲ್ಲ ಎಂದು ನಮ್ಮ ಹುಡುಗರು ಕೇಳುತ್ತಾರೆ. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಂಬದವರ ಮುಂದಿಟ್ಟಾಗ, ನಿಯಮ ಎಲ್ಲ ಧರ್ಮಗಳಿಗೂ ಅನ್ವಯಿಸಬೇಕು, ಕ್ರೈಸ್ತರಿಗೆ ಮಾತ್ರವಾದರೆ ನಾವೇ ಅದನ್ನು ವಿರೋಧಿಸುತ್ತೇವೆ ಎಂದರು. ಈ ಮಾತನ್ನು ಮನವಿಯಲ್ಲಿ ಸೇರಿಸಿದ ಮೇಲೆಯೇ ಎರಡೂ ಕಡೆಯವರು ಸಹಿ ಹಾಕಿದ್ದು. ತಾವು ನಿರ್ಣಯ ಮಾಡುವಾಗ ಇದನ್ನು ಬಿಡಬಾರದು.

ಶುಭ ಶುಕ್ರವಾರದ ಶಿಲುಬೆ ಹಾದಿಯ ಮೆರವಣಿಗೆಗೆ ರಸ್ತೆ ಕೊಡಬಾರದೆಂದು ಕೆಲವರು ಬರೆದಿದ್ದ ಆಕ್ಷೇಪಣೆಯನ್ನು ಬರೆದವರೇ ಹಿಂದಕ್ಕೆ ಪಡೆಯುತ್ತಿದ್ದಾರೆ. ಸಮುದಾಯ ಭವನದಲ್ಲಿ ವಿಚಾರವಾದಿಗಳು ಪವಾಡ ಬಯಲು ಕಾರ್ಯಕ್ರಮ ನಡೆಸುವುದಕ್ಕೆ ಕ್ರೈಸ್ತರ ತಕರಾರೂ ಇಲ್ಲ. ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಿತಿ ರಚಿಸಿದ ಎಚ್. ನರಸಿಂಹಯ್ಯನವರು ಆಗ ನಮ್ಮ ಜಿಲ್ಲೆಗೇ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಪ್ರಶ್ನೆ ಕೇಳುವುದು ಈ ಸೀಮೆಗೆ ಹೊಸತಲ್ಲ. ಭವನದ ಬಾಡಿಗೆ ಮಾತ್ರ ನಂಬುವವರಿಗೂ ನಂಬದವರಿಗೂ ಒಂದೇ ಇರಲಿ.

ಮುಂದಿನ ಆಗಸ್ಟ್ 15ಕ್ಕೆ ಮುನ್ನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ತೆಗೆದುಕೊಂಡು, ಆ ಸಭೆಗೆ ನಮ್ಮಲ್ಲಿ ಎರಡೂ ಕಡೆಯ ಇಬ್ಬಿಬ್ಬರನ್ನು ಕರೆಯಬೇಕೆಂದು ಕೋರುತ್ತೇವೆ. ಸ್ಮಶಾನದ ಜಾಗ ನೋಡಲು ಎಂಜಿನಿಯರ್ ಬರುವ ದಿನವನ್ನು ತಿಳಿಸಿದರೆ ನಾವೇ ಬಂದು ಮುಳ್ಳುಗಿಡ ಕಡಿದು ದಾರಿ ಮಾಡಿಕೊಡುತ್ತೇವೆ.

ತಮ್ಮ ವಿಶ್ವಾಸಿಗಳು,
ಚಾಂಪಿಯನ್ ರೀಫ್ ಲೈನ್ ಮನೆಗಳ ನಿವಾಸಿಗಳು

ಲಗತ್ತು: ಸಹಿಗಳ ಹಾಳೆಗಳು, ಮೆರವಣಿಗೆಯ ಆಕ್ಷೇಪಣೆಯನ್ನು ಹಿಂಪಡೆಯುವ ಪತ್ರ, ಅಣ್ಣನವರ ಚೀಟಿಯ ನಕಲು.